ಪರೀಕ್ಷೆ ಪ್ರಾರ್ಥನೆಗೆ ಗೌಂಡಿ ಹುಡುಗನನ್ನೂ ಕರೀರಿ

ಮಾರ್ಚ್ ಬಂತೆಂದರೆ ನಮ್ಮ ಧಾರವಾಡದ ಕಡೆ ಚರ್ಚುಗಳಲ್ಲಿ ಪರೀಕ್ಷೆ ಪ್ರಾರ್ಥನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಹಾಲ್ ಟಿಕೆಟ್ ಹಿಡಿದು ಮುಂದೆ ಬಂದು ನಿಲ್ಲುತ್ತಾರೆ. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್, ಪಿಎಸ್‌ಐ ಕೋಚಿಂಗಿಗೆ ಹೋಗುವವರೂ ಬರುತ್ತಾರೆ. ಅಯ್ಯನವರು ಬೈಬಲ್ಲಿನ ಯಾಕೋಬನ ಪತ್ರಿಕೆಯ ಒಂದನೇ ಅಧ್ಯಾಯ ಓದುತ್ತಾರೆ: ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಲಿ, ಆತ ಹಂಗಿಸದೆ ಕೊಡುತ್ತಾನೆ. ಮಾರ್ಕ್ಸಿಗಾಗಿ ಮನೆಯಲ್ಲಿ ದಿನಾ ಹಂಗಿಸಿಕೊಳ್ಳುವ ಮಕ್ಕಳಿಗೆ ಇದಕ್ಕಿಂತ ತಂಪಾದ ಮಾತು ಯಾವುದಿದೆ?

ನನ್ನ ತಕರಾರು ಪ್ರಾರ್ಥನೆಯ ಮೇಲಲ್ಲ, ಅಲ್ಲಿಗೆ ಯಾರನ್ನು ಕರೆಯುತ್ತೇವೆ ಅನ್ನುವುದರ ಮೇಲೆ. ಐಟಿಐ ಹುಡುಗ, ಗೌಂಡಿ ಕೆಲಸ ಕಲಿಯುವವ, ಹೊಲಿಗೆ ಕ್ಲಾಸಿಗೆ ಹೋಗುವ ಹುಡುಗಿ ಹಿಂದೆಯೇ ಕೂತಿರುತ್ತಾರೆ. ವಿಮೋಚನಕಾಂಡ 31 ತೆಗೆದು ನೋಡಿ. ದೇವರು ತನ್ನ ಆತ್ಮವನ್ನು ತುಂಬಿ ಜ್ಞಾನ, ವಿವೇಕ ಕೊಟ್ಟೆನೆಂದು ಹೇಳುವುದು ದೇವದರ್ಶನದ ಗುಡಾರ ಕಟ್ಟಿದ ಬೆಚಲೇಲನ ವಿಷಯದಲ್ಲಿ. ಬಂಗಾರ, ಬೆಳ್ಳಿ, ತಾಮ್ರದ ಕೆಲಸ, ಕಲ್ಲು ಕೆತ್ತುವುದು, ಮರದ ಕೆತ್ತನೆ ಅವನ ಕಸುಬು. ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುವ ಬುದ್ಧಿಯನ್ನೂ ದೇವರೇ ಕೊಟ್ಟನೆಂದು 35ನೇ ಅಧ್ಯಾಯದಲ್ಲಿದೆ. ಅಲ್ಲೇ ಆಡಿನ ಕೂದಲು ನೂಲುವ ಹೆಂಗಸರ ಜಾಣತನದ ಮಾತೂ ಬರುತ್ತದೆ.

ನನಗೆ ಎಲ್ಲಕ್ಕಿಂತ ಸೇರುವುದು ಯೆಶಾಯ 28ರ ಕೊನೆಯ ಭಾಗ. ಗದಗ ಸೀಮೆಯಲ್ಲಿ ಕಣ ನೋಡಿ ಬೆಳೆದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜೀರಿಗೆಯ ಮೇಲೆ ಗಾಲಿ ಉರುಳಿಸಬಾರದು, ಕರಿಜೀರಿಗೆಯನ್ನು ಕೋಲಿನಿಂದ ಬಡಿಯಬೇಕು, ರೊಟ್ಟಿಯ ಕಾಳನ್ನು ತುಳಿಸಿದರೂ ಪುಡಿಯಾಗುವ ತನಕ ತುಳಿಸಬಾರದು. ರೈತನಿಗೆ ಇದನ್ನು ಕಲಿಸಿದವನು ಅವನ ದೇವರು ಅನ್ನುತ್ತಾನೆ ಪ್ರವಾದಿ. ನಮ್ಮ ದೊಡ್ಡವ್ವ ಎಳ್ಳಿನ ಸಿವುಡನ್ನು ಎತ್ತುವಾಗಲೇ ಉಸಿರು ಬಿಗಿ ಹಿಡಿಯುತ್ತಿದ್ದಳು. ಕಾಯಿ ಬಾಯಿ ಬಿಟ್ಟಿರುತ್ತವೆ, ಸ್ವಲ್ಪ ಅಲುಗಿದರೂ ಎಳ್ಳು ಮಣ್ಣುಪಾಲು. ತಾಡಪತ್ರಿಯ ಮೇಲೆ ತಂದು ತಲೆಕೆಳಗು ಮಾಡಿ ಝಾಡಿಸಿ, ಆಮೇಲೆ ಬಡಿಗೆಯಿಂದ ಎರಡು ಸಣ್ಣ ಏಟು. ಅದೇ ಕಣದಲ್ಲಿ ಜೋಳಕ್ಕೆ ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು. (ಈಗ ಎಲ್ಲ ಮಷಿನ್ ರಾಶಿ. ಹಂತಿ ಹಾಡು ಯುವಜನೋತ್ಸವದ ಸ್ಟೇಜಿನ ಮೇಲೆ ಮಾತ್ರ.) ಯಾವುದಕ್ಕೆ ಎಷ್ಟು ಏಟು ಅಂತ ದೊಡ್ಡವ್ವನಿಗೆ ಗೊತ್ತಿತ್ತು. ಸಹಿ ಮಾಡಲು ಬರುತ್ತಿರಲಿಲ್ಲ.

"ಹಂಗಾದ್ರ ದೇವರ ಕೊಡ್ತಾನಂತ ಓದೂದು ಬಿಡೋಣೇನ್ರೀ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಬಿಡುವಂತಿಲ್ಲ. ಜ್ಞಾನೋಕ್ತಿ 2ರಲ್ಲಿ ಬೆಳ್ಳಿ ಹುಡುಕಿದಂತೆ ಹುಡುಕು ಅಂದ ಮೇಲೆಯೇ ಯೆಹೋವನು ಜ್ಞಾನ ಕೊಡುತ್ತಾನೆ ಎಂಬ ಮಾತು ಬರುವುದು. ಸೆರೆಯಾಗಿ ಹೋದ ದಾನಿಯೇಲನಿಗೂ ಗೆಳೆಯರಿಗೂ ತಿಳುವಳಿಕೆ ಕೊಟ್ಟವನು ದೇವರೇ, ಆದರೆ ಬಾಬೆಲಿನಲ್ಲಿ ಅವರಿಗೆ ಗೊತ್ತುಮಾಡಿದ್ದ ಶಿಕ್ಷಣ 3 ವರ್ಷದ್ದು, ಅದೂ ಪರಭಾಷೆಯಲ್ಲಿ.

ಅರಸ ಸೊಲೊಮೋನನ ಹೆಸರು ಹೇಳದೆ ಯಾವ ಪರೀಕ್ಷೆ ಪ್ರಾರ್ಥನೆಯೂ ಮುಗಿಯುವುದಿಲ್ಲ. ಗಿಬ್ಯೋನಿನ ಕನಸಿನಲ್ಲಿ ಅವನು ಕೇಳಿದ್ದು ಜನರಿಗೆ ನ್ಯಾಯ ತೀರಿಸುವ ವಿವೇಕ. ಮರು ಪ್ರಸಂಗದಲ್ಲೇ ಒಂದು ಕೂಸು ತನ್ನದೆಂದು ಜಗಳಾಡುವ, ಸಾಕ್ಷಿಯಿಲ್ಲದ ಇಬ್ಬರು ವೇಶ್ಯೆಯರ ತಕರಾರು ಎದುರಿಗೆ ಬರುತ್ತದೆ, ತಾಯಿ ಯಾರೆಂದು ಕಂಡುಹಿಡಿಯುತ್ತಾನೆ. ಅಲ್ಲಿಗೆ ನಾವು ಕಥೆ ನಿಲ್ಲಿಸುತ್ತೇವೆ. ಅವನು ಸತ್ತ ಮೇಲೆ ಜನ ಮಗ ರೆಹಬ್ಬಾಮನ ಮುಂದೆ ನಿಂತು, ನಿನ್ನ ತಂದೆ ನಮ್ಮ ಹೆಗಲಿಗೆ ಭಾರದ ನೊಗ ಹೇರಿದ, ಸ್ವಲ್ಪ ಇಳಿಸು ಅಂದದ್ದೂ ಅದೇ ಪುಸ್ತಕದಲ್ಲಿ, ಒಂದನೇ ಅರಸುಗಳು 12ರಲ್ಲಿದೆ. ಪಿಎಸ್‌ಐ ಆಗಲು ಹೊರಟವರಿಗೆ ಆ ಅಧ್ಯಾಯವನ್ನೂ ಓದಿಸಬೇಕು.

ಈ ಸಲದ ಸುಗ್ಗಿ ಹಬ್ಬಕ್ಕೆ ಯೆಶಾಯ 28 ಇಡೋಣ್ರೀ ಅಂತ ನಮ್ಮ ಅಯ್ಯನವರಿಗೆ ಹೇಳಿದೆ. "ಅದು ಕುಡುಕ ಯಾಜಕರಿಗೆ ಬೈಯೂ ಅಧ್ಯಾಯ ಅಲ್ಲೇನ್ರೀ?" ಅಂದರು.

"ಹೌದ್ರೀ, ಅದನ್ನೂ ಓದೋಣ ತಗೋರಿ," ಅಂದೆ.