ಒಂದು ಬಲ್ಬ್ ಇರಲಿಲ್ಲ

ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಮೂರು ದಿನಗಳ ಹಿಂದೆ ಇಬ್ಬರು ಮಕ್ಕಳ ಅಪೆಂಡಿಕ್ಸ್ ತೆಗೆದಿದ್ದೆವು. ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಉಪಕರಣಗಳನ್ನು ಒಳಗೆ ಬಿಟ್ಟು ಶಸ್ತ್ರಚಿಕಿತ್ಸೆಯಾದ ಹುಡುಗಿ ಇವತ್ತು ಮನೆಗೆ ಹೊರಟು ನಿಂತಿದ್ದಳು. ಪಕ್ಕದ ಮಂಚದ ಹುಡುಗ ಕೆಮ್ಮು ಬಂದರೆ ಹೊಲಿಗೆ ನೋಯುತ್ತದೆಂದು ಹೆದರಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಅವನ ಕಾಯಿಲೆ ಅವಳದಕ್ಕಿಂತ ಹೆಚ್ಚಿನದೇನಲ್ಲ. ಅವನ ಸರದಿ ಬರುವ ಹೊತ್ತಿಗೆ ಉಪಕರಣದ ಬೆಳಕಿನ ಬಲ್ಬ್ ಸುಟ್ಟುಹೋಗಿತ್ತು, ಇನ್ನೊಂದು ಬಲ್ಬ್ ಇರಲಿಲ್ಲ. ಹಾಗಾಗಿ ಅವನ ಹೊಟ್ಟೆ ಕೊಯ್ಯಬೇಕಾಯಿತು.

ಬಡ ದೇಶಗಳ ಮಕ್ಕಳಿಗೆ ಈ ವಿಧಾನ ದಕ್ಕದಿರುವುದಕ್ಕೆ ಬಡತನವೊಂದೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ವೈದ್ಯ ಕುರ್ಟ್ ಸೆಮ್ 1980ರ ದಶಕದ ಆರಂಭದಲ್ಲೇ ಹೀಗೆ ಅಪೆಂಡಿಕ್ಸ್ ತೆಗೆದಿದ್ದರು. ಯಂತ್ರ ಕೊಳ್ಳಲು ಹೇಗೋ ಹಣ ಹುಟ್ಟುತ್ತದೆ, ದಾನವಾಗಿಯೂ ಬರುತ್ತದೆ. ಅದನ್ನು ದುರಸ್ತಿ ಮಾಡುವವರಿಗೆ, ಬಿಡಿಭಾಗಗಳಿಗೆ, ಕಲಿಸುವವರಿಗೆ ಮಾತ್ರ ಹಣವಿಲ್ಲ, ಹಾಗಾಗಿ ಅದು ಬಟ್ಟೆ ಹೊದ್ದು ಮೂಲೆಯಲ್ಲಿ ಕೂರುತ್ತದೆ.

ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತ ಶಸ್ತ್ರಚಿಕಿತ್ಸೆಯೇ ಕೈಗೆಟಕುತ್ತಿಲ್ಲ ಎಂದು 2015ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಹೇಳಿರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅರಿವಳಿಕೆ ತಜ್ಞರು, ಆಮ್ಲಜನಕ, ನಿಲ್ಲದ ವಿದ್ಯುತ್ ಮೊದಲು ಬೇಕೆಂಬುದು ನಿಜ, ಆದರೆ ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಗೂ ಅವೇ ಬೇಕಲ್ಲವೇ? ನ್ಯುಮೋನಿಯಾದಿಂದ ಎದೆಯಲ್ಲಿ ಕೀವು ತುಂಬಿಕೊಂಡು ತಡವಾಗಿ ಬರುವ ಮಗು ಹೆಚ್ಚಾಗಿ ಬಡವರ ಮನೆಯದು. ಆ ಕೀವನ್ನೂ ಸಣ್ಣ ರಂಧ್ರಗಳ ಮೂಲಕ ತೆಗೆಯಬಹುದು. ಅದರ ಬದಲು ಪಕ್ಕೆಲುಬುಗಳ ನಡುವೆ ದೊಡ್ಡದಾಗಿ ಕೊಯ್ದರೆ, ಬೆಳೆಯುವ ಆ ಎದೆಗೂಡು ಮುಂದೆ ಸೊಟ್ಟಗಾಗುವ ಅಪಾಯವಿದೆ. ಮಗು ಬೇಗ ಮನೆಗೆ ಹೋದರೆ ಉಳಿಯುವುದು ತಾಯಿತಂದೆಯರ ದಿನಗೂಲಿ. ಇದನ್ನು ಐಷಾರಾಮ ಎನ್ನಲು ಹೇಗೆ ಸಾಧ್ಯ?

ಈ ಆಕ್ಷೇಪವನ್ನು ವರ್ಷಗಟ್ಟಲೆ ನಾನೂ ಎತ್ತಿದ್ದೇನೆ. ಅದರ ಹಿಂದೆ ಇದ್ದದ್ದು ಭಯ. ಹಸುಳೆಯ ಅಂಗೈಯಗಲದ ಹೊಟ್ಟೆಯೊಳಗೆ ಮೂರು ಮಿಲಿಮೀಟರ್ ದಪ್ಪದ ಉಪಕರಣ ಆಡಿಸಬೇಕು, ಹೊಟ್ಟೆ ಉಬ್ಬಿಸಲು ಒಳಗೆ ತುಂಬುವ ಇಂಗಾಲದ ಡೈಆಕ್ಸೈಡ್ ಒತ್ತಡ ಸ್ವಲ್ಪ ಹೆಚ್ಚಾದರೂ ಮಗುವಿನ ಉಸಿರಾಟಕ್ಕೆ ತೊಂದರೆ. ರಟ್ಟಿನ ಪೆಟ್ಟಿಗೆಯೊಳಗೆ ಮೊಬೈಲ್ ಕ್ಯಾಮೆರಾ ಇಟ್ಟುಕೊಂಡು ತಿಂಗಳುಗಟ್ಟಲೆ ಗಂಟು ಹಾಕುವುದನ್ನು ಅಭ್ಯಾಸ ಮಾಡಿದ ಮೇಲೆಯೇ ನನ್ನ ಕೈ ನಡುಗುವುದು ನಿಂತದ್ದು.

ಹುಡುಗನ ತಾಯಿ, "ಆ ಮಗೂಗೆ ಅಷ್ಟು ಚಿಕ್ಕ ಗಾಯ, ನನ್ನ ಮಗನಿಗೆ ಯಾಕೆ ಡಾಕ್ಟ್ರೇ ಇಷ್ಟುದ್ದ?" ಎಂದು ಕೇಳಿದರು. ಬಲ್ಬಿನ ವಿಷಯವನ್ನು ಇದ್ದ ಹಾಗೆಯೇ ಹೇಳಿದೆ. ಅವರು ನಂಬಲಿಲ್ಲ, ನಾನೇನೋ ಮುಚ್ಚಿಡುತ್ತಿದ್ದೇನೆಂದುಕೊಂಡರು.