ಹಲ್ಲು ಕಚ್ಚಿಕೊಂಡು ಇರು ಅಂದರು, ಇದ್ದೆ

ಹೋದ ವರ್ಷ ದೀಪಾವಳಿ ಆದ ಮೇಲೆ, ಒಂದು ಮಧ್ಯಾಹ್ನ ಅನ್ನ ಸಾರು ತಿನ್ನುವಾಗ ನನ್ನ ದವಡೆ ಹಲ್ಲು ಮುರಿಯಿತು. ಚಕ್ಕುಲಿ ಅಲ್ಲ, ನಿಪ್ಪಟ್ಟು ಅಲ್ಲ, ಬರೀ ಅನ್ನ ಸಾರು. ಕೋಲಾರದವರು ನಾವು, ಮುದ್ದೆ ನುಂಗುವ ಜನ, ಊಟದಲ್ಲಿ ಹಲ್ಲಿಗೆ ಅರ್ಧ ಕೆಲಸವೂ ಇಲ್ಲ. ಕಲ್ಲು ಸಿಕ್ಕಿತು ಅಂತ ಬೆರಳಿಟ್ಟು ತೆಗೆದರೆ ನನ್ನದೇ ಹಲ್ಲಿನ ಚೂರು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ.

ಡೆಂಟಿಸ್ಟ್ ಬಾಯೊಳಗೆ ಕನ್ನಡಿ ಹಾಕಿ ನೋಡಿ ಮೊದಲು ಕೇಳಿದ್ದೇ, "ರಾತ್ರಿ ಹಲ್ಲು ಕಡೀತೀರಾ?" ಇಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ರಾಗಿ ಬೀಸಿದ ಹಾಗೆ ಕಡೀತಾರೆ" ಅಂದಳು. ಮದುವೆಯಾಗಿ 11 ವರ್ಷ, ಅಷ್ಟೂ ದಿನ ಕೇಳಿಸಿಕೊಂಡೇ ಮಲಗಿದ್ದಾಳೆ, ಹೇಳಿದರೆ ನನಗೆ ಬೇಜಾರಾಗತ್ತೆ ಅಂತ ಸುಮ್ನಿದ್ದಳಂತೆ. ಹಲ್ಲು ಅವತ್ತು ಮುರಿದದ್ದಲ್ಲ, ಕಡಿದು ಕಡಿದು ಯಾವತ್ತೋ ಬಿರುಕು ಬಿಟ್ಟಿತ್ತು, ಅವತ್ತು ಉದುರಿತು ಅಷ್ಟೇ ಅಂದರು ಡಾಕ್ಟರ್.

ಆಮೇಲೆ ಹಳೇ ಬಾಕಿ ಎಲ್ಲಾ ಒಂದೊಂದೇ ನೆನಪಾಯಿತು. ಬೆಳಿಗ್ಗೆ ಎದ್ದರೆ ಕಣತಲೆ ನೋವು. ಆಕಳಿಸಿದರೆ ಕಿವಿಯ ಹತ್ತಿರ ಕಟಕ್ ಅನ್ನುವ ಸದ್ದು. ಕಿವಿ ನೋವು ಅಂತ ಕಿವಿ ಡಾಕ್ಟರ್ ಹತ್ತಿರ ಎರಡು ಸಲ ಹೋಗಿದ್ದೆ, ಕಿವಿ ಚೆನ್ನಾಗೇ ಇತ್ತು. ಅದಕ್ಕೂ ಮೊದಲು ಬೇರೆ ಕಡೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ, ವರ್ಷ ತುಂಬುವ ಮೊದಲೇ ಅದರ ಅಂಚು ಒಡೆಯಿತು. ಅಲ್ಲಿ ದುಡ್ಡು ತಗೊಂಡರು, ರಸೀದಿ ಕೊಟ್ಟರು, ಹಲ್ಲು ಕಡಿಯುತ್ತೀರಾ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ನನ್ನ ತಕರಾರು ಇಷ್ಟೇ. ಹಲ್ಲನ್ನು ನಾವು ಮೈಯ ಭಾಗ ಅಂತಲೇ ಲೆಕ್ಕಕ್ಕೆ ತಗೊಳ್ಳಲ್ಲ. ಜ್ವರ ಅಂದರೆ ರಜೆ ಕೊಡ್ತಾರೆ, ಹಲ್ಲುನೋವು ಅಂದರೆ ಲವಂಗ ಕೊಡ್ತಾರೆ. ಆರೋಗ್ಯ ವಿಮೆಯಲ್ಲೂ, ಅಪಘಾತದ ಪೆಟ್ಟು ಬಿಟ್ಟರೆ, ಸಾಮಾನ್ಯವಾಗಿ ಹಲ್ಲಿನ ಖರ್ಚು ಸೇರಿರಲ್ಲ. "32 ಇವೆಯಲ್ಲೋ, ಒಂದು ಕೀಳಿಸಿಬಿಡು" ಅಂದರು ನಮ್ಮ ಚಿಕ್ಕಪ್ಪ. ಅವರಿಗೆ ಈಗ ಎಷ್ಟಿವೆ ಅಂತ ನಾನು ಕೇಳಲಿಲ್ಲ.

ನಮ್ಮ ಕಡೆ ನೀರಿನದ್ದು ಬೇರೆ ಕಥೆ. ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಲ್ಲಿ, ಬೋರ್‌ವೆಲ್ ನೀರು ಕುಡಿದೇ ಬೆಳೆದದ್ದು. ಬಂಡೆಯೊಳಗಿನ ಫ್ಲೋರೈಡ್ ಆ ನೀರಿಗೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ, ಆದರೆ ಆಗ ಅಳೆದವರು ಯಾರು? ಸ್ಕೂಲಲ್ಲಿ ನಮ್ಮ ಬೆಂಚಿನವರಿಗೆಲ್ಲ ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಹಲ್ಲಿನ ಬಣ್ಣವೇ ಅದು ಅಂದುಕೊಂಡಿದ್ದೆ, ಪಿಯುಸಿಗೆ ಬೆಂಗಳೂರಿಗೆ ಹೋಗಿ ಹಾಸ್ಟೆಲಿನ ಉದ್ದ ಕನ್ನಡಿ ಮುಂದೆ ಬೇರೆ ಊರಿನ ಹುಡುಗರ ಜೊತೆ ನಿಂತು ಹಲ್ಲುಜ್ಜುವ ತನಕ. ಅವತ್ತಿಂದ ಫೋಟೋಗಳಲ್ಲಿ ಬಾಯಿ ಮುಚ್ಚಿಕೊಂಡೇ ನಕ್ಕಿದ್ದೇನೆ. ಕಾಯಿಸಿ ಕುಡಿದರೆ ಸರಿ ಹೋಗತ್ತೆ ಅನ್ನುವವರು ಈಗಲೂ ಇದ್ದಾರೆ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ ಸ್ವಾಮಿ, ನೀರು ಆವಿಯಾದಷ್ಟೂ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಈ ಫ್ಲೋರೈಡಿನ ಕಲೆ ಬೀಳುವುದು ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಹೆಚ್ಚೂಕಮ್ಮಿ 8 ವರ್ಷದೊಳಗೆ. ಅದಕ್ಕೇ ಚಿಕ್ಕ ಮಕ್ಕಳಿಗಾದರೂ ಆರ್‌ಒ ಘಟಕದ ಕ್ಯಾನ್ ನೀರು ತನ್ನಿ.

ಇನ್ನು ಅಜ್ಜಿಯರ ಪಂಚಾಯಿತಿ. ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಅಂತ ಎಲ್ಲರ ಮನೆಯಲ್ಲೂ ಹೇಳ್ತಾರೆ ಅಲ್ವಾ? ಜಂತುಹುಳದ ಮಾತ್ರೆ ಶಾಲೆಯಲ್ಲೇ ಕೊಡ್ತಾರೆ, ತಗೊಳ್ಳಲಿ, ಒಳ್ಳೆಯದೇ. ಹಲ್ಲು ಕಡಿಯೋದು ಅದರಿಂದ ನಿಲ್ಲತ್ತೆ ಅಂತ ಮಾತ್ರ ಕಾಯಬೇಡಿ. ಮಕ್ಕಳಲ್ಲಿ ಎಷ್ಟೋ ಸಲ ತಾನಾಗೇ ನಿಲ್ಲುತ್ತದೆ. ನನ್ನಂಥ 40 ದಾಟಿದವರದ್ದು ಹಾಗಲ್ಲ.

ನನ್ನ ಕೆಲಸ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದಾಗ ಲೆಕ್ಕ ತಪ್ಪಿದರೆ ಏನು ಗತಿ ಅಂತ ಹಲ್ಲು ಕಡಿದೆ, ಆಮೇಲೆ ಬೆಲೆ ಕುಸಿದು ರೈತರು ಮುಖ ಸಪ್ಪಗೆ ಮಾಡಿಕೊಂಡು ಚೀಟಿ ಈಸಿಕೊಳ್ಳುವಾಗಲೂ ಕಡಿದೆ. ಡಾಕ್ಟರ್ ಎಲ್ಲಾ ಕೇಳಿದರು. ದಿನಕ್ಕೆ ಎಷ್ಟು ಟೀ, ಸಿಗರೇಟು ಉಂಟಾ, ಕುಡಿತ ಉಂಟಾ, ಗೊರಕೆಯಲ್ಲಿ ಉಸಿರು ಕಟ್ಟುತ್ತದಾ, ಮನಸ್ಸಿಗೆ ಅಂತ ಏನಾದರೂ ಮಾತ್ರೆ ತಗೋತೀರಾ. ಟೀ ಲೆಕ್ಕ ಮಾಡಿದೆ, 9 ಆಯಿತು. ಸಂಜೆ ಮೇಲಿನದು ಬಿಟ್ಟಿದ್ದೇನೆ, ಮಧ್ಯಾಹ್ನದ್ದು ಬಿಡೋಕೆ ಆಗಿಲ್ಲ.

ಅವರು ಹೇಳಿದ್ದರಲ್ಲಿ ಒಂದು ಮಾತು ತುಂಬಾ ಉಪಯೋಗಕ್ಕೆ ಬಂತು. ಸುಮ್ನೆ ಕೂತಾಗ ತುಟಿ ಸೇರಿರಬೇಕು, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ನೀವೂ ಈಗ ನೋಡಿಕೊಳ್ಳಿ. ನಾನು ಕ್ಯಾಲ್ಕುಲೇಟರ್ ಮೇಲೆ ಹೆಂಡತಿಯ ಒಂದು ಬಿಂದಿ ಅಂಟಿಸಿದ್ದೇನೆ, ಕಂಡಾಗಲೆಲ್ಲ ದವಡೆ ಸಡಿಲ ಬಿಡುತ್ತೇನೆ. ಹರಾಜು ಕೂಗುವಾಗ ನೋಡಿಕೊಂಡರೆ ಪ್ರತಿ ಸಲವೂ ಬಿಗಿದಿರುತ್ತದೆ.

ರಾತ್ರಿಗೆ ನೈಟ್ ಗಾರ್ಡ್. ಬಾಯಿಗೆ ಮೆತ್ತನೆಯ ಪೇಸ್ಟ್ ತುಂಬಿ ಅಚ್ಚು ತೆಗೆದು, ಮೇಲಿನ ಹಲ್ಲಿಗೆ ಕೂರುವ ಹಾಗೆ ಅಕ್ರಿಲಿಕ್‌ನಲ್ಲಿ ಮಾಡಿಕೊಟ್ಟರು. ಮೊದಲ ವಾರ ದಿಂಬೆಲ್ಲ ಜೊಲ್ಲು. ಒಂದು ದಿನ ಬೆಳಿಗ್ಗೆ ಗಾರ್ಡ್ ಮಂಚದ ಕೆಳಗೆ ಮಗನ ಚಪ್ಪಲಿಯಲ್ಲಿ ಸಿಕ್ಕಿತು, ನಿದ್ದೆಯಲ್ಲಿ ನಾನೇ ಕಿತ್ತು ಎಸೆದಿದ್ದೆ. ಬಿಸಿನೀರಲ್ಲಿ ತೊಳೆಯಬಾರದು, ಸೊಟ್ಟಗಾಗುತ್ತದೆ. ಇದರಿಂದ ಕಡಿಯೋದು ನಿಲ್ಲಲ್ಲ, ಅದನ್ನು ಮೊದಲೇ ಹೇಳಿದ್ದರು. ಹಲ್ಲಿನ ಬದಲು ಪ್ಲಾಸ್ಟಿಕ್ ಸವೆಯುತ್ತದೆ, ಅಷ್ಟೇ. ಎನಾಮಲ್ ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಸವೆದರೆ ಮತ್ತೆ ಬೆಳೆಯಲ್ಲ, ಗಾರ್ಡ್ ಆದರೆ ಹೊಸದು ಮಾಡಿಸಬಹುದು.

ಕಣತಲೆ ನೋವು ಈಗ ವಾರಕ್ಕೆ ಒಂದೆರಡು ದಿನ ಮಾತ್ರ. ಮುರಿದ ಹಲ್ಲಿಗೆ ಹೊಸ ಕ್ಯಾಪ್ ಬಂದಿದೆ. ಇವತ್ತು ಬೆಳಿಗ್ಗೆ ಗಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ, ಬಲಗಡೆ ಎರಡು ಹೊಸ ಗೀರು. ಈ ವಾರ ಮಂಡಿಯಲ್ಲಿ ಬೆಲೆ ಬಿದ್ದಿದೆ.