ನಾಶವಾಗಲ್ಲ ಅಂದ್ರೆ ಉಳಿಸೋದ್ಯಾಕೆ?

"ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸಬಹುದು." ಈ ವಾಕ್ಯವನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸದೆ ನಮ್ಮಲ್ಲಿ ಯಾರೂ ಹೈಸ್ಕೂಲು ದಾಟಿಲ್ಲ. ಈಗ ಅಕ್ಕನ ಮಗಳು ಒಪ್ಪಿಸುತ್ತಾಳೆ, ಮಗ್ಗಿ ಹೇಳುವ ರಾಗದಲ್ಲೇ. ಅದರ ಹಿಂದೆಯೇ ಒಂದು ಪಟ್ಟಿ ಬರುತ್ತದೆ. ಮಿಕ್ಸಿಯಲ್ಲಿ ವಿದ್ಯುತ್ ಶಕ್ತಿ ಯಾಂತ್ರಿಕ ಶಕ್ತಿಯಾಗುತ್ತದೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಉಷ್ಣ ಶಕ್ತಿಯಾಗುತ್ತದೆ, ರೇಡಿಯೋದಲ್ಲಿ ಶಬ್ದ ಶಕ್ತಿ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆದು, ಪುಸ್ತಕ ಮುಚ್ಚಿದರೆ ಪಾಠ ಮುಗೀತು. ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಮೇಲೆ ಜಾರು ಯಾಕೆ ಬೆಚ್ಚಗಿರುತ್ತದೆ ಅಂತ ಕೇಳಿ ನೋಡಿ, ಪಟ್ಟಿಯಲ್ಲಿ ಅದಿಲ್ಲ.

ಈ ಜಗಳ ನಮ್ಮೂರಿನದು ಮಾತ್ರ ಅಲ್ಲ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1964ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಪಠ್ಯಪುಸ್ತಕ ಆರಿಸುವ ಸಮಿತಿಯಲ್ಲಿದ್ದರು. ಒಂದು ಪುಸ್ತಕದಲ್ಲಿ ಕೀ ಕೊಟ್ಟರೆ ಓಡುವ ಆಟಿಕೆಯ ಚಿತ್ರ, ಕೆಳಗೆ "ಇದು ಓಡೋದು ಯಾವುದರಿಂದ?" ಅಂತ ಪ್ರಶ್ನೆ. ಸ್ಪ್ರಿಂಗಿನ ಬಗ್ಗೆ, ಹಲ್ಲಿನ ಚಕ್ರಗಳ ಬಗ್ಗೆ ಏನೋ ಇರುತ್ತದೆ ಅಂದುಕೊಂಡರೆ ಉತ್ತರ ಒಂದೇ ಪದ, ಶಕ್ತಿ. ಇದಕ್ಕಿಂತ ದೇವರು ಓಡಿಸುತ್ತಾನೆ ಅಂದುಬಿಡಬಹುದಲ್ಲ, ಎರಡರಿಂದಲೂ ಮಗು ಕಲಿಯೋದು ಅಷ್ಟೇ ಅನ್ನೋದು ಅವರ ಸಿಟ್ಟು. ನನಗೆ ಆ ಸಿಟ್ಟು ಪೂರ್ತಿ ಒಪ್ಪಿಗೆ. ಶಕ್ತಿ ಅಂದರೆ ಮೊದಲಿಗೆ ಒಂದು ಲೆಕ್ಕ. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಎಷ್ಟು ಹೋಯ್ತು. ಅಣ್ಣನಿಗೆ ಒಂದು ಚಕ್ಕುಲಿ ಜಾಸ್ತಿ ಹೋದರೆ ಮನೆಯನ್ನೇ ಕೋರ್ಟು ಮಾಡುವ ಮಕ್ಕಳಿಗೆ ಲೆಕ್ಕ ಕಷ್ಟವೇ?

ಈ ಲೆಕ್ಕವನ್ನು ಕೈಗೆ ತಾಗುವ ಹಾಗೆ ತೋರಿಸೋಕೆ ಹಳೇ ಸೈಕಲ್ ಡೈನಮೋಗೆ ಸಮನಾದದ್ದು ಇಲ್ಲ. ಈಗಿನ ಮಕ್ಕಳು ಅದನ್ನು ಕಂಡಿಲ್ಲ. ಪುಟ್ಟ ಬಾಟಲಿಯಂಥ ವಸ್ತು, ಚಕ್ರದ ಪಕ್ಕದಲ್ಲಿ ಕೂತಿರುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಸ್ಪ್ರಿಂಗು ಅದನ್ನು ಟಯರಿನ ಕೆನ್ನೆಗೆ ತಳ್ಳುತ್ತಿತ್ತು, ಗೀರು ಗೀರಾದ ಅದರ ತಲೆ ಗುಂಯ್ ಅಂತ ತಿರುಗಿ ಮುಂದಿನ ದೀಪ ಹತ್ತುತ್ತಿತ್ತು. ಸಾಮಾನ್ಯವಾಗಿ 6 ವೋಲ್ಟು, 3 ವ್ಯಾಟು, ಅಷ್ಟೇ. ಜೋರಾಗಿ ತುಳಿದರೆ ಬೆಳಕು ಜಾಸ್ತಿ, ನಿಧಾನ ಮಾಡಿದರೆ ಮಂಕು, ನಿಂತರೆ ಕತ್ತಲೆ, ಅದೂ ಸರಿಯಾಗಿ ಎದುರಿಗೆ ಹಳ್ಳ ಇದ್ದಾಗಲೇ.

ಗುಜರಿ ಅಂಗಡಿಯಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ. ಸಿಕ್ಕರೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಡೈನಮೋನ ಹಿಂದಿನ ಚಕ್ರಕ್ಕೆ ತಾಗಿಸಿ, ಮಗುವಿನ ಕೈಯಲ್ಲಿ ಪೆಡಲ್ ತಿರುಗಿಸಿ. ತಿರುಗಿಸುತ್ತಿರುವಾಗಲೇ ಬಲ್ಬಿನ ವೈರನ್ನು ಒಮ್ಮೆ ಬಿಚ್ಚಿ, ಒಮ್ಮೆ ಸೇರಿಸಿ. ಬಿಚ್ಚಿದಾಗ ಪೆಡಲ್ ಕೊಂಚ ಹಗುರ, ಸೇರಿಸಿದ ಕೂಡಲೇ ಭಾರ. ಟಯರು ಅದೇ, ಡೈನಮೋ ಅದೇ, ಉಜ್ಜಾಟವೂ ಅದೇ. ಜಾಸ್ತಿಯಾದದ್ದು ಬೆಳಕೊಂದೇ, ಅದರ ಭಾರ ತೋಳಿಗೆ ಬಂತು. ನಮ್ಮ ಹುಡುಗಿ ವೈರು ಬಿಚ್ಚಿ, ಸೇರಿಸಿ, ಮತ್ತೆ ಬಿಚ್ಚಿ, "ಮಾಮ, ಲೈಟಿಗೆ ತೂಕ ಇದೆ!" ಅಂದಳು. ವಿಜ್ಞಾನದ ಮೇಷ್ಟ್ರು ತಪ್ಪು ಅಂತ ಕೆಂಪು ಗೀಟು ಎಳೆಯಬಹುದು, ನಾನು ಎಳೆಯಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋಗೋದು ಸುಲಭ. ತೋಳಿಗೆ ಎಲ್ಲಿಂದ ಬಂತು, ಬೆಳಗಿನ ಇಡ್ಲಿಯಿಂದ. ಇಡ್ಲಿಗೆ ಅಕ್ಕಿ ಉದ್ದಿನಿಂದ, ಅವಕ್ಕೆ ಬಿಸಿಲಿನಿಂದ. ಹಳ್ಳಿಯ ಬಚ್ಚಲ ಒಲೆಯಲ್ಲಿ ಉರಿಯುವ ತೆಂಗಿನ ಮಟ್ಟೆಗೂ ಬಿಸಿಲೇ ಮೂಲ. ರಾಯಚೂರಿನ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲು ಕೋಟ್ಯಂತರ ವರ್ಷದ ಹಿಂದಿನ ಗಿಡಗಳು ಹಿಡಿದಿಟ್ಟ ಬಿಸಿಲು. ಶರಾವತಿಯ ನೀರನ್ನು ಸಮುದ್ರದಿಂದ ಎತ್ತಿ ಘಟ್ಟದ ಮೇಲೆ ಸುರಿದದ್ದೂ ಬಿಸಿಲೇ. ಕೈಗಾದ ಯುರೇನಿಯಂ ಮಾತ್ರ ಈ ಸಾಲಿಗೆ ಬರಲ್ಲ, ಅದರ ಕತೆ ಬೇರೆ.

ನೀರಿನ ವಿಷಯ ಬಂದಾಗ ಜೇಮ್ಸ್ ಜೌಲ್ ನೆನಪಾಗುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯವರು, ಮನೆತನದ ಕಸುಬು ಬಿಯರ್ ತಯಾರಿಕೆ. 1840ರ ದಶಕದಲ್ಲಿ ಒಂದು ಪಾತ್ರೆ ನೀರಿನಲ್ಲಿ ರೆಕ್ಕೆಗಳನ್ನಿಟ್ಟು, ಕೆಳಗಿಳಿಯುವ ತೂಕದ ಗುಂಡುಗಳಿಂದ ಅವನ್ನು ತಿರುಗಿಸಿ, ಸುಮ್ನೆ ಕಡೆದದ್ದಕ್ಕೇ ನೀರು ಎಷ್ಟು ಬಿಸಿಯಾಯಿತು ಅಂತ ಅಳೆದವರು. 1847ರಲ್ಲಿ ಮಧುಚಂದ್ರಕ್ಕೆ ಆಲ್ಪ್ಸ್ ಕಡೆ ಹೋದಾಗಲೂ ಕೈಯಲ್ಲಿ ಉದ್ದನೆಯ ಥರ್ಮಾಮೀಟರು, ಜಲಪಾತದ ಮೇಲಿನ ನೀರಿಗಿಂತ ಕೆಳಗಿನದು ಬೆಚ್ಚಗಿದೆಯಾ ನೋಡೋಕೆ. ದಾರಿಯಲ್ಲಿ ಸಿಕ್ಕಿದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವರು) ಎಷ್ಟೋ ವರ್ಷದ ನಂತರ ಹೇಳಿದ ಕತೆ ಇದು, ಸ್ವಲ್ಪ ಒಗ್ಗರಣೆ ಬಿದ್ದಿದ್ದರೂ ಆಶ್ಚರ್ಯವಿಲ್ಲ. ಆ ಜಲಪಾತದಲ್ಲಿ ನೀರು ಸಿಡಿದು ತುಂತುರಾಗಿ ಹಾರುತ್ತಿದ್ದರಿಂದ ಅಳತೆ ಸಿಗಲಿಲ್ಲವಂತೆ. ಹೆಂಡತಿ ಏನಂದರು ಅನ್ನೋದನ್ನು ಯಾರೂ ಬರೆದಿಟ್ಟ ಹಾಗಿಲ್ಲ.

ನಾವು ಅದೇ ಲೆಕ್ಕವನ್ನು ಜೋಗಕ್ಕೆ ಹಾಕಿದೆವು. ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬಿದ್ದ ನೀರಿನ ಅಬ್ಬರವೆಲ್ಲ ಅದರೊಳಗೇ ಬಿಸಿಯಾಗಿ ಉಳಿದರೆ ಅದು ಬೆಚ್ಚಗಾಗೋದು ಸುಮಾರು 0.6 ಡಿಗ್ರಿ. ಅಷ್ಟೊಂದು ಸದ್ದಿಗೆ ಇಷ್ಟೇನಾ ಅಂತ ಹುಡುಗಿಗೆ ಬೇಜಾರು. ಸರಿ, ಈಗ ಮನೆಯ ಗೀಸರ್ ತಗೋ ಅಂದೆ. 15 ಲೀಟರ್ ನೀರು, 25 ಡಿಗ್ರಿಯಿಂದ 60ಕ್ಕೆ ಏರಬೇಕು. ಬೇಕಾದ ಕರೆಂಟು ಸುಮಾರು 0.6 ಯೂನಿಟ್. ಅದನ್ನು ಜೋಗದ ಎತ್ತರದಿಂದ ಬೀಳುವ ನೀರಿನಿಂದ ತೆಗೆಯಬೇಕಾದರೆ, ಎಲ್ಲೂ ಒಂದು ಚೂರೂ ನಷ್ಟವಾಗದಿದ್ದರೂ, ಸುಮಾರು 900 ಲೀಟರ್ ಬೀಳಬೇಕು. ನಿಜವಾದ ಟರ್ಬೈನು, ಟ್ರಾನ್ಸ್‌ಫಾರ್ಮರು, ಉದ್ದದ ತಂತಿಗಳ ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ಅಂದರೆ ಒಬ್ಬರ ಸ್ನಾನಕ್ಕೆ ಹತ್ತತ್ತಿರ ಒಂದು ಓವರ್‌ಹೆಡ್ ಟ್ಯಾಂಕು ಜೋಗದಿಂದ ಧುಮುಕಬೇಕು. ಅವಳು ಬಚ್ಚಲಿನ ಕಡೆ ನೋಡಿದ ನೋಟದಲ್ಲಿ ಸ್ವಲ್ಪ ಗೌರವವಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು ಅಂತ ಸಮಾಜ ಪುಸ್ತಕದಲ್ಲಿ ಓದಿದ್ದಳು. ಅದು ಇದೇ ಪಾಠ ಅಂತ ಯಾರೂ ಹೇಳಿರಲಿಲ್ಲ.

ಇಷ್ಟಾದ ಮೇಲೆ ಬಂತು ನಿಜವಾದ ಪ್ರಶ್ನೆ. ಶಾಲೆಯ ಗೋಡೆಯ ಮೇಲೆ "ವಿದ್ಯುತ್ ಉಳಿಸಿ" ಅಂತ ಬರೆದಿರುತ್ತಾರೆ. ಪಾಠದಲ್ಲಿ ನಾಶವೇ ಆಗಲ್ಲ ಅಂತಾರೆ. "ನಾಶವಾಗಲ್ಲ ಅಂದ್ರೆ ಉಳಿಸೋದ್ಯಾಕೆ?"

ಇದನ್ನು ಕೇಳದ ಮಗು ಪಾಠವನ್ನು ಕಿವಿಗೆ ಹಾಕಿಕೊಂಡಿಲ್ಲ ಅಂತಲೇ ನನ್ನ ಅಭಿಪ್ರಾಯ. ಬಹಳಷ್ಟು ಕಡೆ ಇದಕ್ಕೆ ಸಿಗುವ ಉತ್ತರ "ಸುಮ್ನೆ ಕೂತ್ಕೋ, ಅದು ಮೇಲಿನ ಕ್ಲಾಸಲ್ಲಿ ಬರುತ್ತೆ".

ನಮ್ಮ ಉತ್ತರ ಹಿತ್ತಲಿನ ನೀರಿನ ತೊಟ್ಟಿಯಲ್ಲಿತ್ತು. ಒಂದು ಚೊಂಬು ಕುದಿಯುವ ನೀರು ತಂದೆ. ಇದರಲ್ಲಿ ಮೊಟ್ಟೆ ಬೇಯಿಸಬಹುದಾ? ಬಹುದು. ಕಾಫಿ ಪುಡಿ ಹಾಕಿ ಡಿಕಾಕ್ಷನ್ ಇಳಿಸಬಹುದಾ? ಬಹುದು. ಚೊಂಬನ್ನು ತೊಟ್ಟಿಗೆ ಸುರಿದು, ಈಗ ಕೈ ಹಾಕಿ ನೋಡು ಅಂದೆ. ತಣ್ಣಗೇ ಇತ್ತು. ಬಿಸಿ ಎಲ್ಲಿ ಹೋಯ್ತು? ಅಲ್ಲೇ ಇದೆ, ಇಡೀ ತೊಟ್ಟಿಗೆ ಹಂಚಿಹೋಗಿದೆ. ಅದನ್ನು ಬಾಚಿ ಮತ್ತೆ ಚೊಂಬಿಗೆ ತುಂಬಿ ಕೊಡು ಅಂದರೆ ಯಾರ ಕೈಲೂ ಆಗಲ್ಲ. ಬೇರೆ ಉರುವಲು ಸುಟ್ಟು ಮತ್ತೆ ಕಾಯಿಸಬೇಕು, ಅಷ್ಟೇ ದಾರಿ.

ಫ್ಯಾನು, ಟೀವಿ, ಮಿಕ್ಸಿ, ಬಸ್ಸಿನ ಬ್ರೇಕು, ಓಡಿ ದಣಿದ ಕಾಲು, ಎಲ್ಲದರ ಕೊನೆಯೂ ಹೀಗೇ. ಬಂದ ಶಕ್ತಿಯ ಬಹುಪಾಲು ಕೊನೆಗೆ ಎಲ್ಲೆಲ್ಲೋ ಚದುರಿದ ಉಗುರು ಬೆಚ್ಚಗಿನ ಬಿಸಿ ಆಗುತ್ತದೆ. ಲೆಕ್ಕದಲ್ಲಿ ಒಂದು ಪೈಸೆ ಕಮ್ಮಿ ಇರಲ್ಲ, ಕೆಲಸಕ್ಕೆ ಮಾತ್ರ ಬರಲ್ಲ. ಉಳಿಸಿ ಅನ್ನೋದು ಚೊಂಬಿನಲ್ಲಿರುವಾಗ ಉಳಿಸಿ ಅಂತ. ಹಳೇ ಬುರುಡೆ ಬಲ್ಬುಗಳನ್ನು ಜನ ಬಿಟ್ಟದ್ದೂ ಅದಕ್ಕೇ. 60 ವ್ಯಾಟ್ ಕುಡಿದು ಹತ್ತನೇ ಒಂದು ಪಾಲನ್ನೂ ಬೆಳಕು ಮಾಡದೆ ಮಿಕ್ಕದ್ದರಲ್ಲಿ ಕೋಣೆ ಕಾಯಿಸುತ್ತಿದ್ದವು. ಹೆಚ್ಚುಕಮ್ಮಿ ಅಷ್ಟೇ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ.

ಹುಡುಗಿ ಇದನ್ನೆಲ್ಲ ಒಪ್ಪಿಕೊಂಡಳು, ಫ್ಯಾನಿನ ವಿಷಯ ಬಿಟ್ಟು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಕೋಣೆ ತಣ್ಣಗಾಗಲ್ಲ, ಒಂದಿಷ್ಟು ಬಿಸಿಯೇ ಆಗುತ್ತದೆ, ನಮಗೆ ತಂಪು ಅನಿಸೋದು ಬೆವರು ಬೇಗ ಆರುವುದರಿಂದ ಅಂದಾಗ ಅವಳು ನನ್ನನ್ನು ನೋಡಿದ್ದು ಸುಳ್ಳು ಹೇಳುವವರನ್ನು ನೋಡುವ ಹಾಗೆ. ಅಳೆದೇ ಬಿಡೋಣ ಅಂತ ಜ್ವರದ ಥರ್ಮಾಮೀಟರು ತಂದಳು, ಅದು ಶುರುವಾಗೋದೇ 35 ಡಿಗ್ರಿಯಿಂದ. ಕೋಣೆಯ ಥರ್ಮಾಮೀಟರು ಬೇಕು ಅಂತ ಅವರಮ್ಮನಿಗೆ ಅರ್ಜಿ ಹೋಗಿದೆ. ಅದು ಬರೋವರೆಗೂ ಫ್ಯಾನು ಆರಿಸಲ್ಲವಂತೆ, ಪ್ರಯೋಗ ನಡೀತಿದೆಯಂತೆ.